ಎಪ್ಪತ್ತೆರಡನೆಯ ದಿನದ ಸೀರೆ

ಬಾಗಲಕೋಟೆ, ಜೂನ್ ಮೂವತ್ತೊಂದು, ೨೧೯೬

ಇಂದುಮತಿ ಅಜ್ಜಿಯವರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲದ ಈ ದಿನವನ್ನು ನಮ್ಮ ಹಿರಿಯರು ಜೂನ್ ತಿಂಗಳಿಗೆ ತೇಪೆ ಹಚ್ಚಿದಂತೆ ಹಚ್ಚಿದ್ದಾರೆ. ಉಳಿಕೆ ದಿನ ಎಂದು ಇದರ ಹೆಸರು. ಹೇಳದೆ ಉಳಿದದ್ದನ್ನು ಹೇಳಿಕೊಳ್ಳುವ ದಿನ. ನನ್ನ ಮಾತಿನಲ್ಲಿ ನಿಮಗೆ ಒಗ್ಗದ ಪದಗಳು ಬಂದರೆ ಕ್ಷಮಿಸಿ. ಡೈರಿ ಬರೆಯುವಾಗ ನಿಮಗೆ ಮೂವತ್ನಾಲ್ಕು, ನನಗೀಗ ಅರವತ್ತೊಂದು. ಆದರೂ ನೀವು ಆರು ತಲೆಮಾರು ಹಿಂದಿನವರು, ಅಜ್ಜಿ ಎಂದೇ ಕರೆಯುತ್ತೇನೆ.

ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ ಕೂತು ನೀವು ಬರೆದ ಆ ಡೈರಿ ನಮ್ಮಲ್ಲಿದೆ. ಕಪಾಟಿನ ಬಾಗಿಲು ಮುಚ್ಚಲಾರದಷ್ಟು ಬಟ್ಟೆ ತುಂಬಿದ ದಿನ ನಿಮಗೆ ಬೇಸರ ಬಂದು, ಕಡುನೀಲಿ ಕೈಮಗ್ಗದ ನಿಲುವಂಗಿಯೊಂದನ್ನೇ ನೂರು ದಿನ ತೊಡುವುದಾಗಿ ಹಟ ಹಿಡಿದಿರಿ. ಆಫೀಸಿಗೆ ಅದರ ಮೇಲೊಂದು ದುಪಟ್ಟಾ, ಮದುವೆಗೆ ಜರಿ ಶಾಲು, ಅಡುಗೆಮನೆಯಲ್ಲಿ ಮಡಚಿದ ತೋಳು. ಸಂಜೆಯಾದರೆ ಅದರ ಅಂಚಿಗೆ ಕಸೂತಿ. ನಿಮಗದು ಆಟವಾಗಿತ್ತು. ನಿಮ್ಮ ಕಾಲದವರು ಎಸೆದ ಬಟ್ಟೆಯ ಗುಡ್ಡಗಳು ನಮ್ಮ ಕಲ್ಲು ಕ್ವಾರಿಗಳಲ್ಲಿ ಇನ್ನೂ ಕೊಳೆಯದೆ ಬಿದ್ದಿವೆ. ಹತ್ತಿ ಬೆಳೆಯಲು ನೀರು ಸಾಲದೆ ಹೋದಾಗ ನಮ್ಮ ಹಿರಿಯರು ನಿಮ್ಮ ಆಟವನ್ನೇ ಕಟ್ಟಳೆ ಮಾಡಿಕೊಂಡರು.

ಇಲ್ಲಿ ಹದಿನಾರು ತುಂಬಿದವರಿಗೆಲ್ಲ ಒಂದು ಬಾಳಂಗಿ ಸಿಗುತ್ತದೆ, ಬಾಳಿಡೀ ಅದೊಂದೇ ಅಂಗಿ. ಬದಿಯ ದಾರ ಸಡಿಲಿಸಿದರೆ ಬಸುರಿಗೂ ಆಗುತ್ತದೆ, ಒಳಮಡಿಕೆ ಇಳಿಸಿದರೆ ಚಳಿಗೂ ಆಗುತ್ತದೆ. ಹರಿದಲ್ಲಿ ಕಸೂತಿ ಹಾಕುತ್ತೇವೆ, ಹಾಗಾಗಿ ಓಣಿಯಲ್ಲಿ ಮುದುಕರ ಅಂಗಿಯೇ ಎಲ್ಲಕ್ಕಿಂತ ಚೆಂದ. ಗುರುವಾರ ಒಗೆಯುವ ದಿನ. ಅಂಗಿ ಒಣಗುವವರೆಗೆ ಎಲ್ಲರೂ ಕೌದಿ ಹೊದ್ದು ಮಾಳಿಗೆಯ ಮೇಲೆ ಹೊಲಿಯುತ್ತ ಕೂರುತ್ತೇವೆ. ಬೀಗರು ಬಂದರೆ ಅವರಿಗೂ ಒಂದು ಕೌದಿ ಕೊಟ್ಟು ಕೂರಿಸುತ್ತೇವೆ. ಎರಡನೆಯ ಅಂಗಿ ಮಾಡಿಕೊಂಡವರು ಅದನ್ನು ಊರ ಸಭೆಯ ಮುಂದೆ ಕೈಯಾರೆ ಬಿಚ್ಚಬೇಕು. ಇದನ್ನೆಲ್ಲ ನೋಡಿಕೊಳ್ಳುವವಳಿಗೆ ಎಳೆಗಾವಲಿನವಳು ಎನ್ನುತ್ತಾರೆ. ಮೂವತ್ತು ವರ್ಷದಿಂದ ಆ ಕೆಲಸ ನನ್ನದು. ನಿಮ್ಮ ಡೈರಿಯ ಪೆಟ್ಟಿಗೆಯ ಬೀಗದ ಕೈಯೂ ನನ್ನ ಸೊಂಟದಲ್ಲೇ ಇದೆ.

ನನ್ನ ತಂಗಿ ಶಿವಲೀಲಾ ನಾಲ್ಕು ವರ್ಷ ಕದ್ದುಮುಚ್ಚಿ ಒಂದು ಕುಪ್ಪಸ ಹೊಲಿದಿದ್ದಳು. ಬಟ್ಟೆಯೆಲ್ಲ ಊರಿನ ತೇಪೆಗಳ ಚೂರು, ದಾರವೆಲ್ಲ ಬೇರೆಯವರ ಅಂಗಿಗಳಿಂದ ಉದುರಿದ್ದು. ಮೈತುಂಬ ಗವಂತಿ ಹೊಲಿಗೆಯ ಕಸೂತಿ, ಹಿಂದೆ ಮುಂದೆ ಒಂದೇ ಥರ, ಎಲ್ಲೂ ಒಂದು ಗಂಟಿಲ್ಲ. ಹನ್ನೊಂದು ವರ್ಷದ ಹಿಂದೆ ಅದು ನನ್ನ ಕಣ್ಣಿಗೆ ಬಿತ್ತು. "ಅಕ್ಕಾ, ಇದನ್ನ ಹಾಕ್ಕೊಂಡು ನಾ ಹೊರಗ ಹೋಗಂಗಿಲ್ಲ. ಒಮ್ಮೊಮ್ಮೆ ಮೈಮ್ಯಾಲ ಇಟ್ಟು ನೋಡ್ತೀನಿ, ಅಷ್ಟ," ಅಂದಳು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಸ್ವಂತ ತಂಗಿಯೆಂದು ಮುಚ್ಚಿಟ್ಟಳು ಎಂದು ಜನ ಆಡಿಕೊಂಡಾರೆಂಬ ಭಯಕ್ಕೆ ನಾನೇ ಸಭೆಗೆ ಒಯ್ದು ಒಪ್ಪಿಸಿದೆ. ಗಂಟಿಲ್ಲದ ಹೊಲಿಗೆಯನ್ನು ಬಿಚ್ಚಲು ಅವಳಿಗೆ ಮೂರು ದಿನ ಹಿಡಿಯಿತು. ಎದುರಿಗೆ ಕೂತು ದಾರವನ್ನು ಉಂಡೆ ಸುತ್ತಿದವಳು ನಾನು. ಆಮೇಲೆ ಅವಳು ಸೂಜಿ ಮುಟ್ಟಿಲ್ಲ. ಒಂದೇ ಮನೆಯಲ್ಲಿದ್ದೇವೆ, ನೀರು ಬಂತು, ಉಪ್ಪು ತೀರಿತು ಎನ್ನುವುದರಾಚೆ ನನ್ನೊಡನೆ ಮಾತಾಡುವುದಿಲ್ಲ.

ನಿಮ್ಮ ಡೈರಿಯಲ್ಲಿ ಎಪ್ಪತ್ತೊಂದನೆಯ ದಿನದ ನಂತರ ಎರಡು ಹಾಳೆ ಅಂಟಿಕೊಂಡಿದ್ದವು. ನೀವು ಚೆಲ್ಲಿದ ಚಹಾ. ಸಭೆಯಲ್ಲಿ ಓದುವಾಗ ಎಲ್ಲರೂ ಅವನ್ನು ಹಾರಿಸಿಯೇ ಓದುತ್ತ ಬಂದರು. ಹೋದ ತಿಂಗಳು ಪೆಟ್ಟಿಗೆಗೆ ಗೆದ್ದಲು ಹತ್ತಿತೆಂದು ಹಾಳೆಗಳನ್ನು ಬಿಡಿಸಿ ಒಣಹಾಕುವಾಗ, ಆವಿ ಹಿಡಿದು ಅವೆರಡನ್ನೂ ಬೇರ್ಪಡಿಸಿದೆ. ನೀವು ಬರೆದಿದ್ದಿರಿ: "ಇವತ್ತು ನೇಮ ತಪ್ಪಿಸಿದೆ. ಆರು ತಿಂಗಳು ಕಸೂತಿ ಹಾಕಿ ಅಕ್ಕ ಒಂದು ಸೀರೆ ತಂದಿದ್ದಳು. ಅದನ್ನು ಉಡದೆ ಅವಳನ್ನು ಕಳಿಸುವಷ್ಟು ದೊಡ್ಡದೇನಲ್ಲ ನನ್ನ ಈ ಹಟ."

ಎಪ್ಪತ್ತೆರಡನೆಯ ದಿನ ಬರೆಯಲು ಕೂತಾಗ ಚಹಾದ ಕಪ್ಪನ್ನು ದಯವಿಟ್ಟು ದೂರ ಇಡಿ ಎಂದು ಕೇಳಿಕೊಳ್ಳಲೆಂದೇ ಈ ಪತ್ರ ಶುರು ಮಾಡಿದ್ದು. ಬರೆಯುತ್ತ ಬರೆಯುತ್ತ ನಾಚಿಕೆಯಾಗುತ್ತಿದೆ. ಮೂವತ್ತು ವರ್ಷ ಆ ಹಾಳೆಗಳು ನನ್ನ ಕೈಯಲ್ಲೇ ಇದ್ದವು. ಒಂದು ಪಾತ್ರೆ ಬಿಸಿನೀರು ಸಾಕಿತ್ತು. ನನ್ನ ತಪ್ಪನ್ನು ಚಹಾದ ಮೇಲೆ ಹಾಕುವುದು ಬೇಡ.

ಉಳಿಕೆ ದಿನದ ಸಭೆ ಇವತ್ತು ಸಂಜೆ. ಆ ಪುಟವನ್ನು ಗಟ್ಟಿಯಾಗಿ ಓದಿ ಬೀಗದ ಕೈ ಒಪ್ಪಿಸಿಬಿಡುತ್ತೇನೆ. ಬಿಚ್ಚಿದ ಕುಪ್ಪಸದ ಚೂರುಗಳೂ ಆ ದಾರದ ಉಂಡೆಯೂ ಇನ್ನೂ ನನ್ನ ಬಳಿ ಇವೆ. ಬೆಳಕಿಗೆ ಹಿಡಿದರೆ ಅವಳ ಸೂಜಿಯ ತೂತುಗಳು ಒಂದೂ ಮುಚ್ಚಿಲ್ಲ. ಈ ಒಂದು ತಿಂಗಳಿಂದ ಅದೇ ತೂತುಗಳಲ್ಲಿ ಅದೇ ದಾರ ಪೋಣಿಸುತ್ತಿದ್ದೇನೆ, ತೂತು ತಪ್ಪಿ ಸಾಲು ಸೊಟ್ಟಗಾಗುತ್ತಿದೆ.

ಇಷ್ಟು ಬರೆಯುವಷ್ಟರಲ್ಲಿ ಶಿವಲೀಲಾ ಬಾಗಿಲಲ್ಲಿ ಬಂದು ನಿಂತಳು. ನನ್ನ ತೊಡೆಯ ಮೇಲಿನ ಬಟ್ಟೆಯನ್ನು ತುಂಬ ಹೊತ್ತು ನೋಡಿದಳು. "ಮೂರನೇ ಸಾಲ ತಪ್ಪೇತಿ," ಅಂದು ಒಳಗೆ ಹೋದಳು. ಮೂರನೆಯ ಸಾಲು ಬಿಚ್ಚುತ್ತಿದ್ದೇನೆ, ಅಜ್ಜಿ. ಪತ್ರ ಇಲ್ಲಿಗೆ ನಿಲ್ಲಿಸುತ್ತೇನೆ.

ನಿಮ್ಮ ಕುಡಿ,
ರಾಚವ್ವ