ಅಮ್ಮನ ಕೋಣೆಯಲ್ಲಿ ಡಬ್ಬಿಂಗ್

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಬೈದುಕೊಳ್ಳಬೇಡ. ಪೆನ್ನು ಹಿಡಿದರೆ ಸಾಕು, ತೂಕಡಿಕೆ ಬರುತ್ತದೆ. ಮೊನ್ನೆ ಫೋನಿನಲ್ಲಿ "ಬಾ" ಎಂದೆ. ನೀನು "ರಜೆ ಕೇಳಿ ನೋಡ್ತೀನಿ ಕಣೇ" ಎಂದೆ. ಯಾಕೆ ಬರಬೇಕೆಂದು ಆಗ ಬಾಯಿಬಿಟ್ಟು ಹೇಳಲಾಗಲಿಲ್ಲ. ಈ ಮನೆಯಲ್ಲಿ ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಅಮ್ಮನಿಗೆ ಕೇಳುತ್ತದೆ. ಪಕ್ಕದ ಮನೆಯ ಟೀಚರು ನಾಳೆ ನಿಮ್ಮೂರಿಗೇ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕೊಡುತ್ತೇನೆ.

ಅಮ್ಮ ಊಟ ಬಿಟ್ಟಿದ್ದಾಳೆ ಅಕ್ಕ. ಭಾನುವಾರದಿಂದ ಒಂದೆರಡು ಗುಟುಕು ಹಾಲು, ಅಷ್ಟೇ. ಗಂಜಿಯ ಚಮಚ ಹತ್ತಿರ ತಂದರೆ ತುಟಿ ಬಿಗಿದುಕೊಳ್ಳುತ್ತಾಳೆ. ಡಾಕ್ಟರು ಗಂಟಲು ನೋಡಿ, "ನುಂಗೋಕೇನೂ ತೊಂದ್ರೆ ಇಲ್ಲಮ್ಮ. ಬೇರೆ ಯಾರಾದ್ರೂ ತಿನ್ಸಿ ನೋಡಿ, ಹೀಗೇ ಆದ್ರೆ ಜೀವ ತಡೆಯಲ್ಲ" ಎಂದರು. ಬೇರೆ ಯಾರು? ನೀನೊಬ್ಬಳೇ. "ಅಮ್ಮ ಪಾಪ, ಏನು ಕಾಟ ಕೊಡ್ತಾಳೆ" ಎನ್ನುತ್ತೀಯಲ್ಲ, ದೂರದ ಬೆಟ್ಟ ನುಣ್ಣಗೆ ಕಣಕ್ಕ. ಎತ್ತಿ ಕೂರಿಸಿ, ಒರೆಸಿ, ಬಟ್ಟೆ ಬದಲಿಸಿ ನನ್ನ ಸೊಂಟ ಬಿದ್ದುಹೋಗಿದೆ.

ನನ್ನ ಕೆಲಸದ ಸುದ್ದಿ ನೀನು ಕೇಳಿದ್ದೆ. ಈ ಸಲ ದೆವ್ವದ ಸಿನಿಮಾದ ನಾಯಕಿಗೆ ನನ್ನ ದನಿ. ಎಂಥ ಬಡ ಸಿನಿಮಾ ಎಂದರೆ, ದೆವ್ವದ ಪಾರ್ಟು ನಿರ್ದೇಶಕರ ಅತ್ತೆಯದು. "ಮೇಕಪ್ ಖರ್ಚು ಉಳೀತು" ಎಂದು ಕ್ಯಾಮೆರಾದವನು ನಕ್ಕಿದ್ದು ಆ ಅತ್ತೆಯ ಕಿವಿಗೆ ಬಿದ್ದು ಅರ್ಧ ದಿನ ಶೂಟಿಂಗ್ ನಿಂತಿತಂತೆ.

ಕಥೆ ಇಷ್ಟು. ಒಂದು ಹಳೆಯ ಕನ್ನಡಿಯ ಮುಂದೆ ಏನು ಬಯಸಿದರೂ ನಡೆದುಬಿಡುತ್ತದೆ. ಹಾಸಿಗೆ ಹಿಡಿದ ತಾಯಿಯ ಚಾಕರಿಯಿಂದ ಬಸವಳಿದ ಮಗಳು ಅದರ ಮುಂದೆ ನಿಂತು, "ಅಮ್ಮ ಬೇಗ ಕಣ್ಮುಚ್ಲಿ, ನಂಗೆ ಸಾಕಾಗಿದೆ" ಎನ್ನುತ್ತಾಳೆ. ತಾಯಿ ಸಾಯುತ್ತಾಳೆ. ಆಮೇಲೆ ದಿನಾ ಬಂದು ಅದೇ ಹಾಸಿಗೆಯಲ್ಲಿ ಮಲಗಿ "ಹಸಿವು" ಎನ್ನುತ್ತಾಳೆ. ಓದಿದಾಗ ನನಗೆ ನಗು ಬಂತು, ಭಯವಾಗಲಿಲ್ಲ.

ಸ್ಟುಡಿಯೊ ಹಿಡಿಯುವ ಶಕ್ತಿ ಅವರಿಗಿಲ್ಲ. ಭಾನುವಾರ ನಮ್ಮ ಮನೆಗೇ ಮೈಕು ಹೊತ್ತು ತಂದರು. ನಾವೆಲ್ಲ ಕಿವಿಯಪ್ಪ ಎಂದು ಕರೆಯುವ ಸೌಂಡ್ ಇಂಜಿನಿಯರು ಒಂದೊಂದು ಕೋಣೆಯಲ್ಲೂ ನಿಂತು ಚಪ್ಪಾಳೆ ತಟ್ಟಿ ನೋಡಿದರು. ಎಲ್ಲ ಕಡೆ ದನಿ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಅಮ್ಮನ ಕೋಣೆಯಲ್ಲಿ ಮಾತ್ರ ಹಾಸಿಗೆ, ರಜಾಯಿ, ದಪ್ಪ ಪರದೆ ಸೇರಿ ದನಿಯನ್ನೆಲ್ಲ ನುಂಗಿಬಿಟ್ಟವು. "ಇದೇ ನಮ್ಮ ಸ್ಟುಡಿಯೊ" ಎಂದರು. ಅಮ್ಮ ಗೋಡೆ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಮಾಡುತ್ತಿದ್ದಾಳೆ, ಎಚ್ಚರವಿದ್ದರೂ ಮಾತು ನಿಂತುಹೋದ ಅವಳಿಗೇನು ತಿಳಿಯುತ್ತದೆ ಎಂದುಕೊಂಡೆವು. ನಾನೂ ಹಾಗೇ ಅಂದುಕೊಂಡೆ ನೋಡು, ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಕನ್ನಡಿಯ ಮುಂದಿನ ಮಾತು ಮತ್ತೆ ಮತ್ತೆ ಹೇಳಿಸಿದರು. "ಬಾಯಿಪಾಠ ಒಪ್ಪಿಸ್ದಂಗಿದೆ ಮೇಡಂ, ಒಳಗಿಂದ ಬರ್ಲಿ" ಎಂದರು ನಿರ್ದೇಶಕರು. ಕೊನೆಗೊಮ್ಮೆ ಸರಿಯಾಗಿ ಬಂತು. ಕಿವಿಯಪ್ಪ ಹೆಡ್‌ಫೋನ್ ತೆಗೆದು ಕಣ್ಣೊರೆಸಿಕೊಂಡರು. ಆವತ್ತು ಸಂಜೆಯೇ ಅಮ್ಮ ಮೊದಲ ಸಲ ಚಮಚ ತಳ್ಳಿದ್ದು.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ನನ್ನ ಮುತ್ತು. ಎಲ್ಲರೂ ಹೊಟ್ಟೆ ತುಂಬಾ ಉಂಡು ಸುಖವಾಗಿರಿ. ರಜೆ ಸಿಗದಿದ್ದರೆ ಜಗಳವಾಡಿಕೊಂಡಾದರೂ ಬಾ.

ನಿನ್ನ
ತಂಗಿ

ವಿ.ಸೂ.: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದೆ. ಆ ಸಂಜೆ ನಾನು ಅಮ್ಮನ ಪಕ್ಕ ಕೂತು, "ಅಮ್ಮಾ, ಅದು ಸಿನಿಮಾದ ಮಾತು, ನಂದಲ್ಲ" ಎಂದಿದ್ದೆ. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ನನ್ನ ಕೆನ್ನೆ ಸವರಿದಳು. ಎಷ್ಟೋ ತಿಂಗಳ ಮೇಲೆ ಬಾಯಿಬಿಟ್ಟು ತೊದಲಿದಳು: "ಮೊದ್ಲಿನ್ವೆಲ್ಲಾ ಸಿನಿಮಾದ್ದು, ಪುಟ್ಟಿ. ಕೊನೇದು ನಿಂದು."

ಹೌದು ಅಕ್ಕ, ನನ್ನದೇ. ನೀನು ಬಂದು ತಿನ್ನಿಸು.