ಬಿಚ್ಚದ ಪೆಟ್ಟಿಗೆಗೆ ಕುಂಕುಮ

೧-೧೦-೨೦೨೫, ಬುಧವಾರ. ಆಯುಧಪೂಜೆ.

ಆ ಪೆಟ್ಟಿಗೆಯೊಳಗೆ ನಿಜವಾಗಿಯೂ ಏನಾದರೂ ಇದೆಯೇ? ಉಣ್ಣುವಾಗಲೂ ಇದೇ ಯೋಚನೆ. ಮಗ ಯತೀಶ ಸಿನಿಮಾದ ಕತ್ತಿ, ಕಿರೀಟಗಳ ನಕಲು ಕೂಡಿಡುತ್ತಾನೆ. ದೊಡ್ಡ ಕಂಪನಿಯವರು ಐನೂರೇ ಮಾಡಿ, ನಂಬರು ಹಾಕಿ ಮಾರುತ್ತಾರಂತೆ. ಸೀಲು ಒಡೆದರೆ ಬೆಲೆ ಬೀಳುತ್ತದೆಂದು ಮಗರಾಯ ಒಂದನ್ನೂ ಬಿಚ್ಚಿ ನೋಡಿಲ್ಲ.

ಹಳೇಕೋಟೆಯ ಈ ಮನೆಯಲ್ಲಿ ನೇಗಿಲಿನಿಂದ ಮಿಕ್ಸಿಯವರೆಗೆ, ಇವತ್ತು ಕುಂಕುಮವಿಲ್ಲದ ವಸ್ತು ಇರಬಾರದು. ಬಟ್ಟಲು ಹಿಡಿದು ಹೋಗಿ ಅವನ ಬೀರು ತೆಗೆಸಿದೆ.

“ಕತ್ತಿ ಪೆಟ್ಟಿಗೆ ಮುಟ್ಬೇಡ ಕಣವ್ವ! ಕಲೆಯಾದ್ರೆ ಬೆಲೆ ಓಯ್ತದೆ.”

“ಕುಂಕುಮ ಇಟ್ರೆ ಬೆಲೆ ಓಗೋದ್ನ ಯಾಕ್ಲಾ ಮನೇಲ್ ಮಡಗಿದ್ದೀಯ? ಒಳಗೆ ಕತ್ತಿ ಅದೆ ಅಂತ ಯಾರ್ಲಾ ಹೇಳ್ದೋರು?”

“ಕಂಪ್ನಿಯೋರೇ ಕಣವ್ವ.”

“ಐನೂರು ಜನ್ವೂ ಬಿಚ್ಚದಿದ್ರೆ ಕಂಪ್ನಿಯೋರ್ಗೆ ಎಷ್ಟು ಸಲೀಸು ನೋಡು.”

ಸೊಸೆ ಧನ್ಯಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವನು ಮುಖ ಊದಿಸಿಕೊಂಡು, ಬೀರು ಮುಚ್ಚುವುದನ್ನೂ ಮರೆತು ಬೈಕು ತೊಳೆಯಲು ಹೋದ.

ನಾನು ಬಿಡುವವಳೇ? ಯಾರಿಗೂ ಕಾಣದಂತೆ ತಳಕ್ಕೊಂದು ಬೊಟ್ಟಿಡೋಣವೆಂದು ಪೆಟ್ಟಿಗೆ ಮಗುಚಿದೆ. ಅಲ್ಲಿ ಆಗಲೇ ಒಂದು ಬೊಟ್ಟಿತ್ತು. ಒಣಗಿ ಕಪ್ಪಾಗಿತ್ತು, ಹೋದ ವರ್ಷದ ಪೂಜೆಯದೇ ಇರಬೇಕು.

ಆ ಬೀರುವಿನ ಬೀಗದ ಕೈ ಅವನ ಜೇಬು ಬಿಟ್ಟು ಆಚೆ ಬರುವುದಿಲ್ಲ. ಹಾಗಾದರೆ ಇಟ್ಟವನು ಅವನೇ. ಮತ್ತೆ ನನ್ನ ಮುಂದೆ ಯಾಕೆ ಈ ನಾಟಕ? ಅವರಪ್ಪನೂ ಹೀಗೇ, ದೇವರಿಗೆ ಕೈ ಮುಗಿಯುವಾಗ ಯಾರಾದರೂ ಕಂಡರೆ ತಲೆ ಕೆರೆದುಕೊಳ್ಳುತ್ತಿದ್ದರು.

ಕೇಳಲು ಹೋಗಲಿಲ್ಲ. ಹಳೆಯ ಬೊಟ್ಟಿನ ಪಕ್ಕದಲ್ಲೇ ನನ್ನದನ್ನೂ ಇಟ್ಟು ಮೊದಲಿನಂತೆ ಜೋಡಿಸಿ ಬಂದೆ.

ಆದರೂ, ಒಳಗೆ ಕತ್ತಿ ಇದ್ದರೆ ಪೆಟ್ಟಿಗೆ ಅಷ್ಟು ಹಗುರ ಯಾಕೆ?