ಬೋಲ್ಟಿಲ್ಲದ ಬಂದೂಕು

ಪ್ರಾಸೂರ
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಉರ್ಸಿನಾ,

ಮೊದಲು ನಿನ್ನ ಹೊಟ್ಟೆಯ ಸಮಾಚಾರ ಹೇಳು. ಆಸ್ಪತ್ರೆ ಹಡಗಿನಲ್ಲಿ ನರ್ಸಾಗಿ ಕಂಡವರ ಕಾಯಿಲೆಯನ್ನೆಲ್ಲ ವಾಸಿ ಮಾಡುತ್ತೀಯ, ನಿನ್ನ ಹೊಟ್ಟೆನೋವಿಗೆ ಮಾತ್ರ ಯಾರೂ ದಿಕ್ಕಿಲ್ಲ. ಫೋನಿನಲ್ಲಿ ಕೇಳಿದರೆ "ಚೆನ್ನಾಗಿದ್ದೀನಮ್ಮಾ" ಎನ್ನುತ್ತೀಯ. ಆ ಚೆನ್ನಾಗಿದ್ದೀನಿಯನ್ನು ನಾನು ನಂಬುವುದಿಲ್ಲ, ಹೆತ್ತವಳು ನಾನು. ಆ ಕಡಲಿನ ಮೀನನ್ನು ಚೆನ್ನಾಗಿ ಬೇಯಿಸಿ ತಿನ್ನು. ಲಾಡಿನಾ ಆರಾಮವಾಗಿದ್ದಾಳೆ, ಮುಂದಿನ ಇನ್ನೊಂದು ಹಲ್ಲು ಬಿತ್ತು. ನನ್ನ ಬಾರ್ಲಿ ಸಾರು ಕಂಡರೆ ನಿನ್ನ ಹಾಗೆಯೇ ಮೂಗು ಮುರಿಯುತ್ತಾಳೆ, ಅಕ್ರೋಟಿನ ಕೇಕು ಎಲ್ಲಿಟ್ಟರೂ ಹುಡುಕಿ ತಿನ್ನುತ್ತಾಳೆ. ಅವಳನ್ನು ನಮ್ಮ ಹತ್ತಿರ ಬಿಟ್ಟುಹೋದೆನೆಂದು ನೀನು ಕೊರಗಬೇಡ. ಅಜ್ಜನಿಗಂತೂ ಅವಳೆಂದರೆ ಪ್ರಾಣ.

ಈಗ ಬರೆಯುವ ವಿಷಯವನ್ನು ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಬೇಡ. ಐವತ್ತು ವರ್ಷ ಬಂದೂಕಿನ ಸದ್ದು ಕೇಳಿ ನಿಮ್ಮಪ್ಪನ ಕಿವಿ ಮಂದವಾಗಿದೆ ಎಂದು ಊರೆಲ್ಲ ಹೇಳುತ್ತದೆ. ಪಾತ್ರೆ ತೊಳೆಯಿರಿ ಎಂದರೆ ಮಂದವೇ. ನಾನು ನಿನ್ನ ಜೊತೆ ಫೋನಿನಲ್ಲಿ ಪಿಸುಗುಟ್ಟಿದರೆ ಮಾತ್ರ ದನದ ಕೊಟ್ಟಿಗೆಯಿಂದಲೇ "ಏನಂತೆ?" ಎಂದು ಕೂಗುತ್ತಾರೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಓದಿ ಹರಿದು ಹಾಕು.

ಬಂದೂಕಿನ ವಿಷಯದಲ್ಲಿ ನಿಮ್ಮಪ್ಪ ಎಂಥ ಶಿಸ್ತಿನ ಮನುಷ್ಯ ಎಂದು ನಿನಗೆ ಗೊತ್ತು. ಬಂದೂಕು ಮಲಗುವ ಕೋಣೆಯ ಬೀರುವಿನಲ್ಲಿ, ಬೀಗ ಹಾಕಿ. ಗುಂಡುಗಳು ನೆಲಮಾಳಿಗೆಯಲ್ಲಿ, ಬೇರೆ ಬೀಗ. ಗುಂಡನ್ನು ನಳಿಗೆಗೆ ತಳ್ಳುವ ಬೋಲ್ಟನ್ನು ಕಳಚಿ ಅಟ್ಟದ ಕಬ್ಬಿಣದ ಪೆಟ್ಟಿಗೆಯಲ್ಲಿ, ಉಣ್ಣೆಯ ಕಾಲುಚೀಲದೊಳಗೆ. "ಬೋಲ್ಟಿಲ್ಲದ ಬಂದೂಕು ಬರೀ ಕಬ್ಬಿಣದ ಕೊಳವೆ, ಅದರಲ್ಲಿ ಬಟಾಣಿ ಕೂಡ ಹಾರಿಸೋಕಾಗಲ್ಲ" ಎಂದು ಗುರಿ ಹೊಡೆಯುವ ಕ್ಲಬ್ಬಿಗೆ ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆಲ್ಲ ಪಾಠ ಹೇಳಿಕೊಟ್ಟವರು ಅವರು. ನೀನೂ ಕಲಿತೆಯಲ್ಲ. ಲಾಡಿನಾ ಬಂದಮೇಲೆ ಪೆಟ್ಟಿಗೆಗೆ ಅಂಕಿಯ ಬೀಗ ಬೇರೆ ಹಾಕಿಸಿದರು. ಆ ಅಂಕಿ ನಮ್ಮಿಬ್ಬರಿಗೆ ಬಿಟ್ಟು ದೇವರಿಗೂ ಗೊತ್ತಿಲ್ಲ.

ಹೋದ ತಿಂಗಳು ನಾಮಕರಣದ ಊಟಕ್ಕೆ ಹೋಗಬೇಕಾಗಿತ್ತು, ನಮ್ಮಮ್ಮನ ಕೆಂಪು ಹರಳಿನ ಓಲೆ ತೆಗೆಯೋಣವೆಂದು ಆ ಪೆಟ್ಟಿಗೆ ತೆರೆದೆ. ಕಾಲುಚೀಲ ಚಪ್ಪಟೆಯಾಗಿ ಬಿದ್ದಿತ್ತು. ಒಳಗೆ ಕೈ ಹಾಕಿದೆ, ತಿರುವಿ ನೋಡಿದೆ, ಅಟ್ಟವನ್ನೆಲ್ಲ ಗುಡಿಸಿದೆ. ಬೋಲ್ಟಿಲ್ಲ! ಮಗು ಇರುವ ಮನೆ. ಬೋಲ್ಟು ಹಾಕಿಕೊಂಡ ಬಂದೂಕು ಎಲ್ಲೋ ಕೂತಿದೆಯೋ ಎಂದು ಬೀರು ತೆಗೆಸಿ ನೋಡಿದೆ. ಬಂದೂಕಿನಲ್ಲೂ ಅದಿರಲಿಲ್ಲ. ಹಾಗಾದರೆ ಯಾರ ಹತ್ತಿರ? ನಿಮ್ಮಪ್ಪನನ್ನು ಕೇಳಿದೆ. "ಅಲ್ಲೇ ಇರುತ್ತೆ, ನೀನು ಸರಿಯಾಗಿ ನೋಡಿಲ್ಲ" ಎಂದು ಕಿಟಕಿಯ ಕಡೆ ತಿರುಗಿದರು. ಸುಳ್ಳು ಹೇಳುವಾಗ ಕಿಟಕಿ ನೋಡುವ ಅಭ್ಯಾಸ ಅವರಿಗೆ ಮದುವೆಗೆ ಮುಂಚಿನಿಂದ ಇದೆ.

ಅಲ್ಲಿಂದ ನನ್ನ ಕಣ್ಣು ಚುರುಕಾಯಿತು. ಅವರು ಶನಿವಾರ ತಪ್ಪದೆ ಬಂದೂಕನ್ನು ಚೀಲಕ್ಕೆ ಹಾಕಿಕೊಂಡು ಕ್ಲಬ್ಬಿನ ಶೂಟಿಂಗ್ ಮನೆಗೆ ಹೋಗುತ್ತಾರೆ. ಬಂದಮೇಲೆ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಟವೆಲು ಹಾಸಿ, ನಳಿಗೆಯೊಳಗೆ ಬಿಳಿ ಬಟ್ಟೆಯ ತುಂಡು ತೂರಿಸಿ ಎಳೆದು ಸ್ವಚ್ಛ ಮಾಡುತ್ತಾರೆ. ಗುಂಡು ಹಾರಿಸಿದ ನಳಿಗೆಯಿಂದ ಬಟ್ಟೆ ಮಸಿಯಾಗಿ ಬರಬೇಕು, ನಮ್ಮಪ್ಪನ ಬಂದೂಕು ಒರೆಸಿದ ಕೈ ಇದು. ಈಗ ಬಟ್ಟೆ ಹಾಲಿನಷ್ಟು ಬಿಳಿ! ಬೋಲ್ಟೆಲ್ಲಿ ಎಂದರೆ "ಕ್ಲಬ್ಬಲ್ಲೇ ಒರೆಸಿಬಿಟ್ಟೆ ಕಣೇ" ಎಂದು ಎದ್ದು, ಬೋಲ್ಟು ಕೈಯಲ್ಲೇ ಇದೆ ಎನ್ನುವ ಹಾಗೆ ಮುಷ್ಟಿ ಮುಚ್ಚಿಕೊಂಡು ಅಟ್ಟ ಹತ್ತುತ್ತಾರೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಗುಂಡು ಹಾರಿಸದ ಮನುಷ್ಯ ಬಂದೂಕು ಹೊತ್ತುಕೊಂಡು ವಾರವಾರ ಹೋಗುವುದಾದರೂ ಎಲ್ಲಿಗೆ?

ನನಗೆ ಬ್ರೈಡಾಳ ಮೇಲೆ ಅನುಮಾನ ಬಂತು. ಕ್ಲಬ್ಬಿನ ಅಡುಗೆಮನೆ ನೋಡಿಕೊಳ್ಳುವವಳು, ಗಂಡ ಹೋದಮೇಲೆ ಕೂದಲಿಗೆ ತಾಮ್ರದ ಬಣ್ಣ ಹಾಕಿಸಿಕೊಂಡಳಲ್ಲ, ಅವಳೇ. ನಗಬೇಡ. ಈ ವಸಂತದಲ್ಲಿ ನಿಮ್ಮಪ್ಪ ಒಂದೇ ಬೆಳಿಗ್ಗೆ ಎರಡು ಸಲ ಹಾಲು ತಂದರು. ಹಾಲಿನ ಡೈರಿ ಅವಳ ಮನೆಯ ಪಕ್ಕದಲ್ಲೇ ಇದೆ. ಒಂದು ದಿನ ಊಟಕ್ಕೆ ಕೂತು ನನ್ನ ಮುಖ ನೋಡಿ ಹೆಸರಿಗಾಗಿ ತಡಕಾಡಿದರು. ನಾಲಿಗೆಯ ತುದಿಯಲ್ಲಿ ಇನ್ಯಾರದೋ ಹೆಸರು ಇದ್ದರೆ ಹೆಂಡತಿಯ ಹೆಸರು ಹೇಗೆ ಬಂದೀತು ಎಂದುಕೊಂಡೆ. ಬೋಲ್ಟನ್ನು ಅವಳಿಗೆ ನೆನಪಿನ ಕಾಣಿಕೆಯಾಗಿ ಕೊಟ್ಟಿರಬೇಕು ಎಂದುಕೊಂಡೆ. ಬೇರೆ ಗಂಡಸರು ಬಳೆಯೋ ಸರವೋ ಕೊಡುತ್ತಾರೆ, ಇವರ ತಲೆಗೆ ಹೊಳೆಯುವುದು ಇಂಥದ್ದೇ ತಾನೇ.

ನಿನ್ನೆ ಲಾಡಿನಾಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹಿಂದೆಯೇ ಹೋದೆ. ಶೂಟಿಂಗ್ ಮನೆಯ ಹಿಂಬದಿಯಲ್ಲಿ ಅಡುಗೆಮನೆಯ ಕಿಟಕಿ ಇದೆಯಲ್ಲ, ಸೌದೆಯ ರಾಶಿ ಹತ್ತಿ ಅದರಲ್ಲಿ ಇಣುಕಿದೆ. ಈ ವಯಸ್ಸಿನಲ್ಲಿ! ನೋಡಿದರೆ ನಿಮ್ಮಪ್ಪ ಹೂವಿನ ಏಪ್ರನ್ನು ಕಟ್ಟಿಕೊಂಡು ಕಾಫಿ ಲೋಟ ತೊಳೆಯುತ್ತಿದ್ದಾರೆ. ಬ್ರೈಡಾ ಒರೆಸಿಡುತ್ತಾ ಏನೋ ಹೇಳುತ್ತಾಳೆ, ಇವರು ನಗುತ್ತಾರೆ. ಮದುವೆಯಾದಾಗಿನಿಂದ ನನ್ನ ಮನೆಯಲ್ಲಿ ಒಂದು ಚಮಚ ತೊಳೆಯದ ಮನುಷ್ಯ! ಮೈಯೆಲ್ಲ ಉರಿದುಹೋಯಿತು. ರಾಶಿಯಿಂದ ಇಳಿದು ಒಳಗೆ ನುಗ್ಗುವುದರಲ್ಲಿದ್ದೆ, ಕ್ಲಬ್ಬಿನ ಅಧ್ಯಕ್ಷ ಟುಮಾಷ್ ಅಡ್ಡ ಬಂದು ನನ್ನ ತೋಳು ಹಿಡಿದ. "ಮೆಂಗಿಯಕ್ಕಾ, ಒಳಗೆ ಹೋಗ್ಬೇಡ. ಮೊದ್ಲು ನನ್ನ ಮಾತು ಕೇಳು." "ಎಷ್ಟು ದಿನದಿಂದ ನಡೀತಿದೆ ಇದು? ನೀನೂ ಸೇರ್ಕೊಂಡಿದ್ದೀಯ ಅಲ್ವಾ?" ಎಂದೆ. "ಹೂಂ, ಸೇರ್ಕೊಂಡಿದ್ದೀನಿ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಆಗ ನನ್ನ ಕೋಪ ತಣ್ಣಗಾಗಿ ಭಯ ಹುಟ್ಟಿತು.

ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಅಲ್ಲಿ ಚಾಪೆಯ ಮೇಲೆ ಬೋರಲು ಮಲಗಿ ಗುಂಡು ಹಾರಿಸಿದವರು ಏಳುವ ಮುಂಚೆ ಬೋಲ್ಟು ಹಿಂದಕ್ಕೆಳೆದು, ಒಳಗೆ ಏನೂ ಇಲ್ಲವೆಂದು ಪಕ್ಕದವರಿಗೆ ತೋರಿಸಬೇಕು. ನಿಮ್ಮಪ್ಪ ಊರಿನ ಅರ್ಧ ಜನಕ್ಕೆ ಕಲಿಸಿದ ಪದ್ಧತಿ ಇದು. ಏಪ್ರಿಲಿನಲ್ಲಿ ಒಂದು ಶನಿವಾರ ಅವರು "ಖಾಲಿ" ಎಂದು ಎದ್ದುಬಿಟ್ಟರಂತೆ. ಟುಮಾಷ್ ಬಗ್ಗಿ ನೋಡಿದರೆ ಒಳಗೆ ಜೀವಂತ ಗುಂಡು ಕೂತಿತ್ತು. ಅದನ್ನು ತೆಗೆದು ತೋರಿಸಿದಾಗ, "ಇದನ್ನ ಯಾರು ಹಾಕಿದ್ರು? ನಾನಿನ್ನೂ ಶುರುವೇ ಮಾಡಿಲ್ವಲ್ಲ ಟುಮಾಷ್" ಎಂದರಂತೆ. ಅಷ್ಟು ಹೊತ್ತಿಗೆ ಅವರು ಒಂದು ಸುತ್ತು ಪೂರ್ತಿ ಹಾರಿಸಿಯಾಗಿತ್ತು, ಅವರ ಗುರಿಯ ಅಂಕ ಪರದೆಯ ಮೇಲೆ ಹೊಳೆಯುತ್ತಿತ್ತು. ನಿಮ್ಮಪ್ಪ ಆ ಪರದೆಯನ್ನು ತುಂಬ ಹೊತ್ತು ನೋಡಿದರಂತೆ. ಆಮೇಲೆ ಬೋಲ್ಟನ್ನು ಕಳಚಿ ಟುಮಾಷನ ಅಂಗೈಯಲ್ಲಿಟ್ಟು, "ಮನೇಲಿ ಮಗು ಇದೆ. ಇದು ಇನ್ನು ನಿನ್ ಹತ್ರಾನೇ ಇರ್ಲಿ. ಮೆಂಗಿಯಾಗೆ ಮಾತ್ರ ಹೇಳ್ಬೇಡ" ಎಂದರಂತೆ. ಯಾರೂ ಕೇಳಿರಲಿಲ್ಲ, ತಾವಾಗಿಯೇ ಕೊಟ್ಟದ್ದು. ಅಂದಿನಿಂದ ಕ್ಲಬ್ಬಿನಲ್ಲಿ ಲೋಟ ತೊಳೆಯುತ್ತಿದ್ದಾರೆ. ಬಂದೂಕನ್ನು ಹೊತ್ತುಕೊಂಡು ಹೋಗುವುದು ನನಗೆ ತೋರಿಸುವುದಕ್ಕೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಎರಡು ಸಲ ಬಂದ ಹಾಲು, ಹುಡುಕಿದ ನನ್ನ ಹೆಸರು, ಎಲ್ಲ ನನ್ನ ಕಣ್ಣೆದುರೇ ಇತ್ತು. ನಾನು ಅದಕ್ಕೆಲ್ಲ ಬ್ರೈಡಾಳ ಕೂದಲಿನ ಬಣ್ಣ ಹಚ್ಚಿಬಿಟ್ಟೆ. ಅವಳೇ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ನಿನ್ನೆಯಿಂದ ಅನ್ನಿಸುತ್ತಿದೆ. ಜುಟ್ಟು ಹಿಡಿದು ಜಗಳವಾಡಿ ಗಂಡನನ್ನು ಮನೆಗೆ ಎಳೆದು ತರಬಹುದಿತ್ತು. ಇದರ ಜೊತೆ ಹೇಗೆ ಜಗಳವಾಡಲಿ? ನಿನ್ನೆ ಸಂಜೆ ಅವರು ಎಂದಿನಂತೆ ಟವೆಲು ಹಾಸಿ ಬಿಳಿ ಬಟ್ಟೆ ಎಳೆಯುತ್ತಾ ಕೂತರು. ನಾನು ಕಾಫಿ ಇಟ್ಟು, "ಇವತ್ತು ಗುರಿ ಹೇಗಿತ್ರೀ?" ಎಂದು ಕೇಳಿದೆ. "ಪರವಾಗಿಲ್ಲ, ಸ್ವಲ್ಪ ಎಡಕ್ಕೆ ಹೋಗ್ತಿತ್ತು" ಎಂದು ಕಿಟಕಿ ನೋಡಿದರು. ನಾನೂ ಕಿಟಕಿ ನೋಡಿದೆ. ನನಗೆ ಅಳು ಬಂತು, ಒಲೆಯ ಕಡೆ ತಿರುಗಿಕೊಂಡೆ.

ಕೆಳಗಿನ ಊರಿನ ಡಾಕ್ಟರಿಗೆ ಫೋನು ಮಾಡಿ ಸಮಯ ಗೊತ್ತು ಮಾಡಿದ್ದೇನೆ, ನನ್ನ ಮಂಡಿನೋವಿಗೆ ಎಂದು ಹೇಳಿ ಇವರನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಟುಮಾಷ್ ಎಲ್ಲ ಹೇಳಿದನೋ ಇನ್ನೂ ಏನಾದರೂ ಮುಚ್ಚಿಟ್ಟಿದ್ದಾನೋ, ನನಗೆ ಪೂರ್ತಿ ನಂಬಿಕೆಯಿಲ್ಲ. ನೀನು ಎದೆಗುಂದಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಹಡಗನ್ನೂ ಅದರಲ್ಲಿ ಮಲಗಿರುವ ರೋಗಿಗಳನ್ನೂ ದೇವರು ಕಾಯಲಿ. ಲಾಡಿನಾಳ ಮುತ್ತುಗಳು, ಅಪ್ಪನ ಆಶೀರ್ವಾದ.

ನಿನ್ನ ಅಮ್ಮ
ಮೆಂಗಿಯಾ

ಸೋಮವಾರ ಬೆಳಿಗ್ಗೆ, ಅವಸರದಲ್ಲಿ: ಲಕೋಟೆ ಅಂಟಿಸುತ್ತಿದ್ದೆ, ಅಂಗಳದಲ್ಲಿ ಕಾರು ಸ್ಟಾರ್ಟಾದ ಸದ್ದು ಕೇಳಿತು. ಉರ್ಸಿನಾ, ದಿನಾ ಬೆಳಿಗ್ಗೆ ಲಾಡಿನಾಳನ್ನು ಆ ಬೆಟ್ಟದ ತಿರುವುಗಳಲ್ಲಿ ಇಳಿಸಿ ಶಾಲೆಗೆ ಬಿಡುವವರು ಅವರೇ. ಬೋಲ್ಟು ಕೊಟ್ಟರೆಂದು ಟುಮಾಷ್ ಕಣ್ಣೀರು ಹಾಕಿದ, ನಾನು ಎರಡು ದಿನ ಹೆಮ್ಮೆಪಟ್ಟೆ, ಕಾರಿನ ಯೋಚನೆ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ. ಇಲ್ಲಿ ಭಯಪಡಬೇಕಾದ್ದು ಬಂದೂಕಿಗೆ ಎಂದಷ್ಟೇ ನಮಗೆ ಕಲಿಸಿದ್ದಾರೆ. ಚಪ್ಪಲಿಯಲ್ಲೇ ಓಡಿ ಕಾರಿನ ಮುಂದೆ ನಿಂತೆ, ಕೀ ಕಿತ್ತುಕೊಂಡೆ. ಮಗುವನ್ನು ಹಳದಿ ಬಸ್ಸಿಗೆ ಹತ್ತಿಸಿದೆ, ಇನ್ನು ದಿನಾ ಹಾಗೆಯೇ. ನಿಮ್ಮಪ್ಪ ಅಂಗಳದ ಬೆಂಚಿನ ಮೇಲೆ ಕೂತಿದ್ದಾರೆ, ನನ್ನ ಜೊತೆ ಮಾತಿಲ್ಲ. ಈ ಕಾಗದ ತಲುಪಿದ ದಿನವೇ ಅವರಿಗೆ ಫೋನು ಮಾಡು. ನಾನು ಹೇಳಿದೆನೆಂದು ಹೇಳಬೇಡ. ಕಾರಿನ ಕೀ ಅಮ್ಮನಿಗೆ ಕೊಟ್ಟುಬಿಡಪ್ಪಾ ಎಂದು ನೀನೇ ಕೇಳು. ಅಷ್ಟರೊಳಗೆ ಅದನ್ನು ಅವರ ಕೋಟಿನ ಜೇಬಿನಲ್ಲಿ ಮತ್ತೆ ಇಟ್ಟಿರುತ್ತೇನೆ, ಕಾರು ಸ್ಟಾರ್ಟಾಗದ ಹಾಗೆ ಬ್ಯಾಟರಿಯ ತಂತಿ ಕಳಚಿಸಿ. ಬೋಲ್ಟನ್ನು ತಾವಾಗಿಯೇ ಕೊಟ್ಟ ಮನುಷ್ಯ ಅವರು. ಇದನ್ನೂ ತಾವಾಗಿಯೇ ಕೊಡಲಿ ಮಗಳೇ.